ನಕ್ಕು ನಕ್ಕು ಬೆಳೆಸಿದ ವಿಷದ ಮರ

ಸಿಟ್ಟು ಬಂದಾಗ ನೀವೇನು ಮಾಡ್ತೀರಿ? ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತೀರಾ? ರೂಮಿನ ಬಾಗಿಲು ದಡಾರನೆ ಹಾಕಿಕೊಳ್ಳುತ್ತೀರಾ? ಅಥವಾ, 'ನಂಗೆ ಯಾಕಪ್ಪ ಸಿಟ್ಟು? ಏನೂ ಇಲ್ಲ' ಅಂತ ನಗುನಗುತ್ತಾ ಇನ್ನೊಂದು ಲೋಟ ಕಾಫಿ ತಂದುಕೊಡುತ್ತೀರಾ?

ಪಾತ್ರೆ ಕುಕ್ಕುವವರ ಬಗ್ಗೆ ಇವತ್ತು ಮಾತು ಬೇಡ. ಅವರ ಸಿಟ್ಟು ಮನೆಮಂದಿಗೆಲ್ಲ ಗೊತ್ತಾಗುತ್ತೆ, ಸಂಜೆ ಹೊತ್ತಿಗೆ ಇಳಿದೂ ಇರುತ್ತೆ. ಮಾತಾಡಬೇಕಾದ್ದು ಆ ಕಾಫಿ ಲೋಟದ ಬಗ್ಗೆ. ನಮ್ಮಲ್ಲಿ ಬಹಳಷ್ಟು ಹೆಂಗಸರು ಮಾಡುವುದು ಅದನ್ನೇ ಅಲ್ಲವೇ?

ಈ ಕಾಫಿ ಲೋಟದ ಮೇಲೆ ಇನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಕವಿ ಕವಿತೆಯನ್ನೇ ಬರೆದಿಟ್ಟಿದ್ದಾನೆ ಅಂದರೆ ನಂಬುತ್ತೀರಾ? ಕವಿಯ ಹೆಸರು ವಿಲಿಯಂ ಬ್ಲೇಕ್. ಕವಿತೆ 'ಎ ಪಾಯ್ಸನ್ ಟ್ರೀ', ಅಂದರೆ ವಿಷದ ಮರ. 1794ರಲ್ಲಿ ಬಂದ 'ಸಾಂಗ್ಸ್ ಆಫ್ ಇನ್ನೊಸೆನ್ಸ್ ಅಂಡ್ ಆಫ್ ಎಕ್ಸ್‌ಪೀರಿಯೆನ್ಸ್' ಎಂಬ ಪುಸ್ತಕದಲ್ಲಿದೆ. ಮಕ್ಕಳ ಇಂಗ್ಲಿಷ್ ಪಠ್ಯದಲ್ಲಿ ನೀವು ಇದನ್ನು ಕಂಡಿರಲೂಬಹುದು. ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ ಬಾಯಿಪಾಠ ಮಾಡಿಸಿ ಪುಸ್ತಕ ಮುಚ್ಚಿಟ್ಟಿರಲೂಬಹುದು. ಒಮ್ಮೆ ನಿಮಗಾಗಿ ಓದಿ ನೋಡಿ.

ಕವಿತೆ ಬಲು ಚಿಕ್ಕದು, 16 ಸಾಲು ಅಷ್ಟೇ. ಮಾತೂ ಸರಳ. ಕಥೆ ಇಷ್ಟು: ಒಬ್ಬನಿಗೆ ತನ್ನ ಗೆಳೆಯನ ಮೇಲೆ ಸಿಟ್ಟು ಬರುತ್ತೆ. ಗೆಳೆಯನಿಗೆ ಹೇಳಿಬಿಡುತ್ತಾನೆ, ಸಿಟ್ಟು ಅಲ್ಲಿಗೇ ಮುಗಿಯುತ್ತೆ. ಆಮೇಲೆ ಇನ್ನೊಬ್ಬನ ಮೇಲೆ ಸಿಟ್ಟು ಬರುತ್ತೆ. ಇವನು ಶತ್ರು. ಅವನಿಗೆ ಹೇಳುವುದಿಲ್ಲ. ಹೇಳದೇ ಇಟ್ಟುಕೊಂಡ ಸಿಟ್ಟು ಗಿಡವಾಗುತ್ತೆ. ಅದಕ್ಕೆ ತನ್ನ ಭಯವನ್ನೂ ಕಣ್ಣೀರನ್ನೂ ನೀರಾಗಿ ಎರೆಯುತ್ತಾನೆ, ತನ್ನ ನಗುವನ್ನೇ ಬಿಸಿಲಾಗಿ ಕೊಡುತ್ತಾನೆ. ಗಿಡ ಹಗಲೂ ರಾತ್ರಿಯೂ ಬೆಳೆದು ಒಂದು ಸೇಬು ಬಿಡುತ್ತೆ. ನೋಡಲು ಥಳಥಳ ಹೊಳೆಯುವ ಹಣ್ಣು. ಶತ್ರುವಿನ ಕಣ್ಣು ಅದರ ಮೇಲೆ ಬೀಳುತ್ತೆ. ಅದು ಯಾರ ಹಣ್ಣು ಅಂತಲೂ ಅವನಿಗೆ ಗೊತ್ತು. ಕತ್ತಲಲ್ಲಿ ತೋಟಕ್ಕೆ ನುಗ್ಗುತ್ತಾನೆ. ಬೆಳಗ್ಗೆ ಎದ್ದು ನೋಡಿದರೆ ಮರದ ಕೆಳಗೆ ಮೈಚಾಚಿ ಬಿದ್ದಿದ್ದಾನೆ. ಇವನಿಗೆ ಅದನ್ನು ನೋಡಿ ಸಂತೋಷ!

'ಓ, ಸಿಟ್ಟು ನುಂಗಬೇಡಿ, ಹೇಳಿಬಿಡಿ ಅಂತ ಅಲ್ವಾ ಇದರ ಅರ್ಥ?' ಅನ್ನುತ್ತೀರಿ. ಹೌದು, ಗೈಡುಗಳಲ್ಲಿ ಇರುವುದೂ ಅಷ್ಟೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಕವಿತೆಯ ಸಾರವೆಲ್ಲ ಬಸಿದುಹೋಗಿ ಬರೀ ಚರಟ ಉಳಿಯುತ್ತೆ.

ಬಿಸಿಲು ಬೀಳುವುದು ನಗುವಿನಿಂದ

ಸಿಟ್ಟು ನುಂಗಿದರೆ ಸಿಟ್ಟು ಬೆಳೆಯುತ್ತೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಬೂದಿ ಮುಚ್ಚಿದ ಕೆಂಡ ಅಂತ ನಮ್ಮಲ್ಲೂ ಹೇಳುತ್ತೇವೆ. ಬ್ಲೇಕ್ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಕೆಂಡ ತನ್ನಷ್ಟಕ್ಕೆ ತಾನು ಒಳಗಿರುತ್ತೆ, ನಾವೇನೂ ಮಾಡಬೇಕಾಗಿಲ್ಲ. ಗಿಡ ಹಾಗಲ್ಲ. ದಿನಾ ಆರೈಕೆ ಬೇಕು. ತುಳಸಿಗೆ ಎರಡು ದಿನ ನೀರು ಹಾಕದಿದ್ದರೆ ಬಾಡುವುದಿಲ್ಲವೇ? ಸಿಟ್ಟೂ ಅಷ್ಟೇ, ಬಿಟ್ಟರೆ ತಾನಾಗಿ ಬಾಡಬಹುದಿತ್ತು. ನಾವೇ ಬಾಡಲು ಬಿಡುವುದಿಲ್ಲ.

ಅದರಲ್ಲೂ ಆ ನಗು! ಕಣ್ಣೀರು ಸಿಟ್ಟನ್ನು ಬೆಳೆಸುತ್ತೆ ಅಂದರೆ ಒಪ್ಪಬಹುದು. ನಗು ಹೇಗೆ ಬೆಳೆಸುತ್ತೆ?

ಒಂದು ಉದಾಹರಣೆ ನೋಡಿ. ಮನೆಯಲ್ಲಿ ಗೌರಿ ಹಬ್ಬ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹೂರಣ ರುಬ್ಬಿ ನಲವತ್ತು ಹೋಳಿಗೆ ತಟ್ಟಿದ್ದೀರಿ. ಎಲ್ಲರೂ ಎಲೆ ಮುಂದೆ ಕೂತಿದ್ದಾರೆ. ನಾದಿನಿ ಒಂದು ತುತ್ತು ಬಾಯಿಗಿಟ್ಟು, 'ಚೆನ್ನಾಗಿದೆ ಅತ್ತಿಗೆ. ಆದ್ರೆ ನಮ್ಮಮ್ಮ ಮಾಡೋ ಥರ ಅಲ್ಲ ಬಿಡಿ' ಅಂತಾಳೆ. ಎದೆಗೆ ಚುರುಕ್ ಅನ್ನುತ್ತೆ. ನೀವೇನು ಮಾಡುತ್ತೀರಿ? ನಗುತ್ತೀರಿ. 'ಇನ್ನೊಂದು ಹಾಕ್ಲಾ? ತುಪ್ಪ ಬೇಕಾ?' ಅನ್ನುತ್ತೀರಿ.

ಆ ಕ್ಷಣದಲ್ಲಿ ಎರಡು ಕೆಲಸ ಒಟ್ಟಿಗೇ ಆಗುತ್ತೆ. ಒಂದು, ಅವಳಿಗೆ ತನ್ನ ಮಾತು ನಿಮಗೆ ನಾಟಿತು ಅಂತ ಗೊತ್ತೇ ಆಗುವುದಿಲ್ಲ. ಹಾಗಾಗಿ ದೀಪಾವಳಿಗೆ ಬಂದಾಗ ಇಂಥದ್ದೇ ಇನ್ನೊಂದು ಮಾತು ಅನ್ನುತ್ತಾಳೆ. ಎರಡನೆಯದು, ನೀವು ಕೊಟ್ಟ ಆ ನಗುವೂ ನಿಮ್ಮ ಲೆಕ್ಕದ ಪುಸ್ತಕ ಸೇರುತ್ತೆ. 'ಅವಳು ಹಾಗಂದ್ರೂ ನಾನು ನಕ್ಕು ತುಪ್ಪ ಬಡಿಸಿದೆ ನೋಡು' ಅಂತ. ಅವಳ ತಪ್ಪು ಒಂದಾಗಿದ್ದರೆ ನಿಮ್ಮ ಒಳ್ಳೆಯತನವೂ ಸೇರಿ ಎರಡಾಗುತ್ತೆ. ನಕ್ಕಷ್ಟೂ ಬಾಕಿ ಏರುತ್ತೆ. ಬಿಸಿಲು ಅಂದರೆ ಇದೇ. ಬ್ಲೇಕನಿಗೆ ಹೋಳಿಗೆ ಗೊತ್ತಿರಲಿಲ್ಲ, ಆದರೆ ಈ ಲೆಕ್ಕ ಗೊತ್ತಿತ್ತು.

ಇನ್ನೊಂದು ಸೂಕ್ಷ್ಮ. ಗೆಳೆಯನಿಗೆ ಹೇಳಿದ, ಶತ್ರುವಿಗೆ ಹೇಳಲಿಲ್ಲ ಅಂತ ಕವಿತೆ ಶುರುವಾಗುತ್ತೆ. ಆ ಎರಡನೆಯವನು ಮೊದಲಿಂದಲೂ ಶತ್ರುವೇ ಆಗಿದ್ದನೇ? ಇವನು ಹೇಳದೇ ಇದ್ದುದರಿಂದ ಶತ್ರುವಾದನೇ? ಕವಿ ಬಿಡಿಸಿ ಹೇಳುವುದಿಲ್ಲ. ಇಬ್ಬರೂ ಏನು ತಪ್ಪು ಮಾಡಿದರು ಅಂತಲೂ ಹೇಳುವುದಿಲ್ಲ. ಇಬ್ಬರದೂ ಒಂದೇ ತಪ್ಪಾಗಿರಬಹುದು. ನಿಮ್ಮ ಅಕ್ಕನೇ ಹೋಳಿಗೆ ತಿಂದು 'ಅಮ್ಮನ ಥರ ಬಂದಿಲ್ಲ ಕಣೇ' ಅಂದಿದ್ದರೆ? 'ಹಾಗಾದ್ರೆ ನೀನೇ ಮಾಡ್ಕೋ ಹೋಗು' ಅಂತ ಅಲ್ಲೇ ಅಂದು ನಕ್ಕುಬಿಡುತ್ತಿದ್ದಿರಿ. ಮಾತು ಒಂದೇ, ಉತ್ತರ ಮಾತ್ರ ಬೇರೆ.

ಇನ್ನು ಆ ಸೇಬು. ಆದಮ ಮತ್ತು ಹವ್ವಳ ಕಥೆ ಕೇಳಿದವರಿಗೆ ತೋಟ, ಮರ, ಹಣ್ಣು ಅಂದ ಕೂಡಲೇ ಬೈಬಲ್ ನೆನಪಾಗುತ್ತೆ. ಬ್ಲೇಕ್ ಬೇಕೆಂದೇ ಇಟ್ಟಿದ್ದಾನೆ. ಆದರೆ ಇಲ್ಲಿ ತೋಟದ ಯಜಮಾನ ಮನುಷ್ಯನೇ, ಹಣ್ಣನ್ನು ಹೊಳೆಯುವಂತೆ ಬೆಳೆಸಿಟ್ಟವನೂ ಅವನೇ. ಮನೆಯ ಭಾಷೆಯಲ್ಲಿ ಹೇಳಬೇಕಾದರೆ, ವರ್ಷಗಟ್ಟಲೆ ಸಿಟ್ಟು ಇಟ್ಟುಕೊಂಡವರಿಗೆ ಒಂದು ದಿನ ಅವಕಾಶ ಬಂದೇ ಬರುತ್ತೆ. ಅದೇ ನಾದಿನಿಯ ಮಗನಿಗೆ ಪಿಯುಸಿಯಲ್ಲಿ ಕಮ್ಮಿ ಮಾರ್ಕ್ಸ್ ಬಂತು ಅನ್ನಿ. ಫೋನ್ ಮಾಡಿ 'ಅಯ್ಯೋ ಪಾಪ, ಹೀಗಾಗಬಾರದಿತ್ತು' ಅನ್ನುತ್ತೇವೆ. ಫೋನಿಟ್ಟ ಮೇಲೆ ಒಳಗೆಲ್ಲೋ ಒಂದು ಚೂರು ಸಿಹಿ. ಅವತ್ತಿನ ಕಾಫಿಯೂ ಯಾಕೋ ರುಚಿ. ಕವಿತೆಯ ಕೊನೆಯ ಆ ಬೆಳಗಿನ ಸಂತೋಷ ಇದೇ ಜಾತಿಯದು. ಆ ಹುಡುಗ ನಮ್ಮ ಹೋಳಿಗೆಯ ಸುದ್ದಿಗೇ ಬಂದವನಲ್ಲ ಅನ್ನುವುದು ನೆನಪಾಗಬೇಕಾದರೆ ಸ್ವಲ್ಪ ಹೊತ್ತು ಹಿಡಿಯುತ್ತೆ.

ಬಸವಣ್ಣನವರೂ ಮುನಿಸಿನ ಬಗ್ಗೆ ವಚನ ಹೇಳಿದ್ದಾರಲ್ಲ, ನೆನಪಿದೆಯೇ? ಮನೆಯೊಳಗೆ ಎದ್ದ ಬೆಂಕಿ ಮೊದಲು ಸುಡುವುದು ಆ ಮನೆಯನ್ನೇ ಅಂತ ಅಲ್ಲಿ ಬರುತ್ತೆ. ಸಿಟ್ಟುಗೊಂಡವರಿಗೇ ನಷ್ಟ ಅಂತ. ಬ್ಲೇಕನ ಕವಿತೆಯಲ್ಲಿ ಬೀಳುವವನು ಎದುರಿನವನು, ಸಿಟ್ಟು ಸಾಕಿದವನಿಗೆ ಏನೂ ಆಗಲಿಲ್ಲ ಅನ್ನಿಸುತ್ತೆ. ನನಗಂತೂ ಅದೇ ಹೆಚ್ಚು ಭಯ ಹುಟ್ಟಿಸುತ್ತೆ. ಒಬ್ಬ ಮನುಷ್ಯ ಸತ್ತು ಬಿದ್ದದ್ದನ್ನು ನೋಡಿ ಖುಷಿಪಡುವವನಿಗೆ ಏನೂ ಆಗಿಲ್ಲ ಅಂತ ಹೇಗೆ ಹೇಳೋದು?

'ಎಷ್ಟು ತಾಳ್ಮೆ ನಮ್ಮ ಸೊಸೆಗೆ!'

ಬ್ಲೇಕ್ ಈ ಕವಿತೆಗೆ ಮೊದಲು ಇಟ್ಟಿದ್ದ ಹೆಸರು 'ವಿಷದ ಮರ' ಅಲ್ಲ. ಅವನ ನೋಟ್ ಪುಸ್ತಕದಲ್ಲಿ ಇದರ ಕರಡು ಇದೆ. ಅಲ್ಲಿ ಅದರ ಹೆಸರು 'ಕ್ರಿಶ್ಚಿಯನ್ ಫಾರ್‌ಬೇರೆನ್ಸ್', ಅಂದರೆ ಕ್ರೈಸ್ತ ಸಹನೆ! ಸಿಟ್ಟನ್ನು ತೋರಿಸದೆ ಸಹಿಸಿಕೊಳ್ಳುವುದೇ ಒಳ್ಳೆಯವರ ಲಕ್ಷಣ ಅಂತ ಅವನ ಕಾಲದ ಚರ್ಚಿನ ಉಪದೇಶಗಳಲ್ಲಿ ಹೇಳುತ್ತಿದ್ದರು. ಆ ಉಪದೇಶಕ್ಕೇ ಕೊಟ್ಟ ಏಟು ಇದು. ನೀವು ಸಹನೆ ಅಂತ ಹೊಗಳುತ್ತಿದ್ದೀರಲ್ಲ, ಅದರ ಕೆಳಗೆ ಏನು ಬೆಳೆಯುತ್ತಿದೆ ಒಮ್ಮೆ ನೋಡಿ ಅಂತ.

ಈ ಹೆಸರು ತಿಳಿದ ಮೇಲೆ ಕವಿತೆ ನಮ್ಮ ಮನೆಗೇ ಬಂದು ಕೂರುತ್ತೆ. ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುವುದೇನು? 'ಭೂಮಿತಾಯಿಯ ಹಾಗೆ ಸಹನೆ ಇರಬೇಕು', 'ತಾಳಿದವನು ಬಾಳಿಯಾನು', 'ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತಾ?' ಸುಳ್ಳೇನಲ್ಲ, ಇವಕ್ಕೂ ಬೆಲೆ ಇದೆ. ಆದರೆ 'ನಮ್ಮ ಸೊಸೆಗೆ ಎಷ್ಟು ತಾಳ್ಮೆ ಅಂತೀರಾ, ಒಂದು ದಿನ ಎದುರು ಮಾತಾಡಿದ್ದಿಲ್ಲ' ಅನ್ನುವ ಸರ್ಟಿಫಿಕೇಟ್ ಸಿಕ್ಕ ಮೇಲೆ ಅದನ್ನು ಕಾಪಾಡಿಕೊಳ್ಳುವುದೇ ಒಂದು ಡ್ಯೂಟಿ ಆಗಿಬಿಡುತ್ತೆ.

ಹೇಳುವುದನ್ನು ಬರೆದಿಟ್ಟ ಬ್ಲೇಕ್ ತಾನು ಹಾಗೆ ಬದುಕಿದನೇ? ಪೂರ್ತಿ ಇಲ್ಲ. 1800ರಲ್ಲಿ ವಿಲಿಯಂ ಹೇಯ್ಲಿ ಎಂಬ ಶ್ರೀಮಂತ ಕವಿ ಕರೆದನೆಂದು ಬ್ಲೇಕ್ ದಂಪತಿ ಲಂಡನ್ ಬಿಟ್ಟು ಸಮುದ್ರತೀರದ ಫೆಲ್ಫಮ್ ಎಂಬ ಹಳ್ಳಿಗೆ ಹೋದರು. ಹೇಯ್ಲಿ ಒಳ್ಳೆಯವನೇ, ಕೆಲಸ ಕೊಟ್ಟ. ಆದರೆ ಎಲ್ಲ ಸಣ್ಣಪುಟ್ಟ ಕೆಲಸ. ಬ್ಲೇಕನ ಸ್ವಂತ ಕಾವ್ಯಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಉಪಕಾರದ ಹಂಗಿನಲ್ಲಿದ್ದವನು ಎದುರಿಗೆ ಏನು ಹೇಳಿಯಾನು? ಎದುರಿಗೆ ಸೌಜನ್ಯ, ಒಳಗೆ ಕುದಿತ. ವಿಷದ ಮರದ ಕರಡು ಇದ್ದ ಅದೇ ನೋಟ್ ಪುಸ್ತಕದಲ್ಲಿ ಆಮೇಲೆ ಹೇಯ್ಲಿಯನ್ನು ಚುಚ್ಚುವ ಚುಟುಕಗಳನ್ನು ಬರೆದುಕೊಂಡ. ತಾನು ಬದುಕಿರುವಷ್ಟು ದಿನ ಅವನ್ನು ಅಚ್ಚು ಹಾಕಿಸಲಿಲ್ಲ!

ಹಾಗಂತ ಅವನಿಗೆ ಸಿಟ್ಟು ಹೊರಹಾಕಲು ಬರುತ್ತಿರಲಿಲ್ಲ ಅಂತಲೂ ಅಲ್ಲ. 1803ರ ಆಗಸ್ಟಿನಲ್ಲಿ ತನ್ನ ತೋಟದಲ್ಲಿ ನಿಂತಿದ್ದ ಒಬ್ಬ ಸಿಪಾಯಿಗೆ ಹೊರಗೆ ಹೋಗು ಅಂದ. ಅವನು ಹೋಗಲಿಲ್ಲ. ಬ್ಲೇಕ್ ಅವನ ತೋಳು ಹಿಡಿದು ಬೀದಿಯುದ್ದಕ್ಕೂ ದಬ್ಬಿಕೊಂಡು ಹೋದ. ಸಿಪಾಯಿ ಸುಮ್ಮನಿರುತ್ತಾನೆಯೇ? ಇವನು ರಾಜನನ್ನು ಬೈದ ಅಂತ ರಾಜದ್ರೋಹದ ದೂರು ಕೊಟ್ಟ. ಚಿಚೆಸ್ಟರ್‌ನಲ್ಲಿ ವಿಚಾರಣೆ ನಡೆದು 1804ರ ಜನವರಿಯಲ್ಲಿ ಬ್ಲೇಕ್ ನಿರ್ದೋಷಿ ಅಂತಾಯಿತು. ಜಾಮೀನಿಗೆ ನೆರವಾಗಿ, ಲಾಯರನ್ನು ಹಿಡಿದು ಬಿಡಿಸಿಕೊಂಡು ಬಂದವನು ಯಾರು ಗೊತ್ತೇ? ಅದೇ ಹೇಯ್ಲಿ. ಒಳಗೊಳಗೇ ಬೈದುಕೊಳ್ಳುತ್ತಿದ್ದವನೇ ಕಷ್ಟಕ್ಕಾದ.

ಮಂಡಿಯೂರಿದ ಹೆಂಡತಿ

ಬ್ಲೇಕನ ಹೆಂಡತಿ ಕ್ಯಾಥರೀನ್. 1782ರಲ್ಲಿ ಮದುವೆಯಾದಾಗ ಚರ್ಚಿನ ಪುಸ್ತಕದಲ್ಲಿ ಸಹಿಯ ಬದಲು ಗುರುತು ಹಾಕಿದವಳು. ಓದು ಬರಹ ಗಂಡನಿಂದ ಕಲಿತಳು. ಬ್ಲೇಕ್ ತನ್ನ ಕವಿತೆಗಳನ್ನು ತಾಮ್ರದ ತಗಡಿನ ಮೇಲೆ ಚಿತ್ರದ ಜೊತೆ ಕೆತ್ತಿ ತಾನೇ ಅಚ್ಚು ಹಾಕುತ್ತಿದ್ದ. ಆ ಕೆಲಸದಲ್ಲೂ ಬಣ್ಣ ತುಂಬುವುದರಲ್ಲೂ ಕ್ಯಾಥರೀನಳ ಕೈ ಇತ್ತು. ಮಕ್ಕಳಾಗಲಿಲ್ಲ. ನಲವತ್ತೈದು ವರ್ಷ ಜೊತೆಯಲ್ಲಿ ಬಾಳಿದರು.

ಅಲೆಕ್ಸಾಂಡರ್ ಗಿಲ್‌ಕ್ರಿಸ್ಟ್ ಬರೆದ ಬ್ಲೇಕನ ಜೀವನಚರಿತ್ರೆ 1863ರಲ್ಲಿ ಬಂತು. (ಲೇಖಕ ಅದು ಮುಗಿಯುವ ಮೊದಲೇ ತೀರಿಕೊಂಡಿದ್ದ. ಪುಸ್ತಕ ಪೂರ್ತಿ ಮಾಡಿ ಹೊರತಂದವಳು ಅವನ ಹೆಂಡತಿ ಆನ್. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.) ಅದರಲ್ಲಿ ಒಂದು ಪ್ರಸಂಗ ಇದೆ. ಬ್ಲೇಕನ ಮುದ್ದಿನ ತಮ್ಮ ರಾಬರ್ಟ್ ಮನೆಯಲ್ಲಿದ್ದ. ಒಂದು ದಿನ ಅತ್ತಿಗೆ ಮೈದುನರ ನಡುವೆ ಯಾವುದೋ ವಾದ ಬಂತು. ಕ್ಯಾಥರೀನ್ ಸಿಟ್ಟಿನಲ್ಲಿ ಏನೋ ಅಂದಳು. ಸುಮ್ಮನೆ ಕೇಳುತ್ತಿದ್ದ ಬ್ಲೇಕ್ ಎದ್ದು ಬಂದು, ಈಗಿಂದೀಗ ಮಂಡಿಯೂರಿ ರಾಬರ್ಟನ ಕ್ಷಮೆ ಕೇಳು, ಇಲ್ಲದಿದ್ದರೆ ಇನ್ನು ನನ್ನ ಮುಖ ನೋಡುವಂತಿಲ್ಲ ಅಂದ. ತಪ್ಪು ತನ್ನದಲ್ಲ ಅಂತ ಅವಳಿಗೆ ಗೊತ್ತಿತ್ತು. ಆದರೂ ಮಂಡಿಯೂರಿದಳು, ನನ್ನದೇ ತಪ್ಪು ಅಂದಳು. ಆಗ ರಾಬರ್ಟ್, ಇದು ಸುಳ್ಳು, ತಪ್ಪು ನನ್ನದು ಅಂತ ಎಲ್ಲರ ಮುಂದೆ ಒಪ್ಪಿಕೊಂಡ.

ಸಾಮಾನ್ಯವಾಗಿ ಈ ಕಥೆಯನ್ನು ಹೇಳುವವರು ರಾಬರ್ಟನ ದೊಡ್ಡತನಕ್ಕೆ ನಿಲ್ಲಿಸುತ್ತಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಕ್ಯಾಥರೀನಳ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತು? ಅವಳು ಹೇಳಿದ್ದಳು. ಕವಿತೆ ಹೇಳುವ ಹಾಗೇ ಬಾಯಿಬಿಟ್ಟು ಹೇಳಿದ್ದಳು. ಅದಕ್ಕೆ ಸಿಕ್ಕಿದ್ದು ಮಂಡಿಯೂರುವ ಶಿಕ್ಷೆ.

ಕವಿತೆಯೊಳಗಿನ ಇಬ್ಬರೂ ಸಮಾನರು. ಒಬ್ಬನ ಊಟ ಇನ್ನೊಬ್ಬನ ಕೈಯಲ್ಲಿಲ್ಲ. ಮನೆಯಲ್ಲಿ ಹಾಗಿರುವುದಿಲ್ಲ. ಹಾಗಾಗಿ 'ಹೇಳಿಬಿಡಿ' ಅಂತ ಎಲ್ಲರಿಗೂ ಒಂದೇ ಸಮ ಉಪದೇಶ ಮಾಡುವುದು ತಪ್ಪು. ಹೇಳಿದರೆ ಕೈ ಎತ್ತುವ ಗಂಡನಿದ್ದಾಗ ನುಂಗಿಕೊಳ್ಳುವುದು ದೌರ್ಬಲ್ಯವಲ್ಲ, ಆ ಹೊತ್ತಿಗೆ ಜಾಣತನ. ಆದರೆ ಅದನ್ನು ಹಾಗೇ ಬಿಡಬೇಡಿ. ಅಂಥ ಮನೆಯಲ್ಲಿ ಮಾತಿಗಿಂತ ಮೊದಲು ರಕ್ಷಣೆ ಬೇಕು. ಮಹಿಳಾ ಸಹಾಯವಾಣಿ 181 ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಬೈಗುಳ, ಅವಮಾನ, ಖರ್ಚಿಗೆ ಹಣ ಕೊಡದಿರುವುದೂ ಅದರೊಳಗೆ ಬರುತ್ತೆ, ಹೊಡೆತ ಮಾತ್ರವೇ ಅಲ್ಲ.

ಹಾಗಾದ್ರೆ ಹೇಗೆ ಹೇಳೋದು?

ಉಳಿದವರ ಮಾತು ಬೇರೆ. ಹೊಡೆಯದ, ಬೈಯದ, ಸ್ವಲ್ಪ ಕಿವಿ ಮಂದ ಅಷ್ಟೇ ಅನ್ನುವಂಥ ಗಂಡ, ಚುಚ್ಚಿ ಮಾತಾಡಿದರೂ ಮನಸ್ಸು ಕೆಟ್ಟದ್ದಲ್ಲದ ಅತ್ತೆ, ನಾದಿನಿ, ಓರಗಿತ್ತಿ, ಪಕ್ಕದ ಫ್ಲಾಟಿನವರು. ಇಲ್ಲಿ ನುಂಗಿಕೊಳ್ಳುವುದರಿಂದ ನಷ್ಟವೇ ಹೆಚ್ಚು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ನಡೆದ ಹೃದಯದ ಅಧ್ಯಯನದ ಭಾಗವಾಗಿ 2007ರಲ್ಲಿ ಒಂದು ವರದಿ ಬಂತು. ಗಂಡನ ಜೊತೆ ಜಗಳವಾದಾಗ ಮಾತು ನುಂಗಿಕೊಳ್ಳುತ್ತೇವೆ ಅಂದ ಹೆಂಗಸರು, ಹಾಗೆ ನುಂಗದವರಿಗಿಂತ ಹತ್ತು ವರ್ಷದ ಅವಧಿಯಲ್ಲಿ ಸಾಯುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಗಂಡಸರಲ್ಲಿ ಇದು ಕಾಣಲಿಲ್ಲ. ನುಂಗಿದ್ದರಿಂದಲೇ ಸತ್ತರು ಅಂತ ಇದರಿಂದ ತೀರ್ಮಾನಿಸಲಾಗದು, ಹೆದರಬೇಡಿ. ಆದರೆ ತಲೆನೋವು, ನಿದ್ದೆಗೇಡು, ಎದೆ ಹಿಡಿದ ಹಾಗಾಗುವುದು ನಿಮಗೂ ಇದ್ದರೆ ಡಾಕ್ಟರಿಗೆ ತೋರಿಸುವಾಗ ಮನೆಯ ವಿಷಯವನ್ನೂ ಒಂದು ಮಾತು ಹೇಳಿ.

ಹಾಗಂತ ಕಿರುಚಿ ಹೊರಹಾಕಿದರೆ ಸರಿಹೋಗುತ್ತೆ ಅನ್ನುವುದೂ ಭ್ರಮೆ. ದಿಂಬಿಗೆ ಗುದ್ದಿ ಅಂತ ಸಲಹೆ ಕೊಡುವವರಿದ್ದಾರೆ. ಬ್ರ್ಯಾಡ್ ಬುಶ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು 600 ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ. ಸಿಟ್ಟು ಬರಿಸಿದವರನ್ನೇ ನೆನೆಸಿಕೊಂಡು ಗುದ್ದಿದವರ ಸಿಟ್ಟು ಇಳಿಯುವ ಬದಲು ಏರಿತ್ತು. ಏನೂ ಮಾಡದೆ ಎರಡು ನಿಮಿಷ ಸುಮ್ಮನೆ ಕೂತವರೇ ವಾಸಿ! ಸಂಜೆ ಗೆಳತಿಗೆ ಫೋನ್ ಮಾಡಿ ಒಂದು ಗಂಟೆ ನಾದಿನಿಯ ಪುರಾಣ ಬಿಚ್ಚುವುದೂ ಬಹುಪಾಲು ಇದೇ ಗುದ್ದಾಟ. ಅದನ್ನೂ ನೀರೆರೆಯುವ ಲೆಕ್ಕಕ್ಕೇ ಸೇರಿಸಬೇಕು.

ಕವಿತೆಯಲ್ಲಿ ಗೆಳೆಯನಿಗೆ ಹೇಳಿದವನು ಕಿರುಚಲಿಲ್ಲ, ಊರಿಗೆಲ್ಲ ಸಾರಲಿಲ್ಲ. ಯಾರ ಮೇಲೆ ಸಿಟ್ಟೋ ಅವರಿಗೇ ಹೇಳಿದ, ಅಷ್ಟೇ. ನಾದಿನಿಗೆ ಎಲೆಯ ಮುಂದೆಯೇ ಹೇಳಬೇಕಾಗಿಲ್ಲ, ಹಬ್ಬದ ದಿನ ರಂಪ ಯಾಕೆ? ಮಾರನೇ ದಿನ, ತಪ್ಪಿದರೆ ಆ ವಾರದೊಳಗೆ, ಇಬ್ಬರೇ ಇದ್ದಾಗ, 'ಅಮ್ಮನ ಹೋಳಿಗೆ ರುಚಿ, ನಾನೂ ಒಪ್ತೀನಿ. ಆದ್ರೆ ಎಲ್ಲರ ಮುಂದೆ ನೀನು ಹಾಗಂದಿದ್ದು ನಂಗೆ ಬೇಜಾರಾಯ್ತು ಕಣೇ' ಅನ್ನಿ. ಅಲ್ಲಿಗೆ ನಿಲ್ಲಿಸಿ. 'ಹೋದ ವರ್ಷ ಸೀಮಂತದಲ್ಲೂ ನೀನು...' ಅಂತ ಹಳೇ ಕಡತ ತೆಗೆಯಬೇಡಿ. 'ನೀನು ಯಾವಾಗಲೂ ಹೀಗೇ' ಅನ್ನುವ 'ಯಾವಾಗಲೂ' ಕೂಡ ಬೇಡ. ಅದು ಬಂದರೆ ಮಾತು ಜಗಳವಾಯಿತು ಅಂತಲೇ ಲೆಕ್ಕ. ಅವಳು 'ಅಯ್ಯೋ ಅತ್ತಿಗೆ, ನಾನು ಸುಮ್ನೆ ಅಂದಿದ್ದು' ಅನ್ನಬಹುದು. ಮುಖ ಊದಿಸಿಕೊಳ್ಳಲೂಬಹುದು. ಊದಿಸಿಕೊಂಡರೆ ಊದಿಸಿಕೊಳ್ಳಲಿ, ಸಮಾಧಾನ ಮಾಡಲು ಆಗಲೇ ತುಪ್ಪದ ಮಿಳ್ಳೆ ಹಿಡಿದು ಓಡಬೇಡಿ.

ಹತ್ತು ಹದಿನೈದು ವರ್ಷದ ಹಳೆಯ ಮರ ಇದ್ದರೆ ಮೊದಲೇ ಅದಕ್ಕೆ ಕೈಹಾಕುವುದು ಬೇಡ. ಅಭ್ಯಾಸ ಇಲ್ಲದವರ ಬಾಯಲ್ಲಿ ಮೊದಲ ಸಲ ಮಾತಿಗಿಂತ ಅಳುವೇ ಮೊದಲು ಬರುತ್ತೆ. ಈ ವಾರ ಮೊಳಕೆಯೊಡೆದ ಪುಟ್ಟದ್ದನ್ನು ಆರಿಸಿಕೊಳ್ಳಿ. ಉದಾಹರಣೆಗೆ, ಹೇಳದೆ ಕೇಳದೆ ಮೊನ್ನೆ ನಾಲ್ಕು ಜನ ಫ್ರೆಂಡ್ಸನ್ನು ಊಟಕ್ಕೆ ಕರೆತಂದರಲ್ಲ ನಿಮ್ಮವರು, ಅದು. 'ರೀ, ಮೊನ್ನೆ ನಂಗೆ ತುಂಬಾ ಸಿಟ್ಟು ಬಂದಿತ್ತು. ಇನ್ಮೇಲೆ ಒಂದು ಫೋನ್ ಮಾಡಿ ಹೇಳಿ' ಅಂತ ಶುರು ಮಾಡಿ. ಆಗ ಅವರ ಕೈಯಲ್ಲಿ ಮೊಬೈಲ್ ಇರಬಾರದು, ಟೀವಿಯಲ್ಲಿ ಕ್ರಿಕೆಟ್ ಇರಬಾರದು. ಮುಖ್ಯವಾಗಿ, ಹೇಳುವಾಗ ನಗಬೇಡಿ.